ಸಿಮೆಂಟ್ ಬ್ಲಾಕಿನ ಏರುಮಡಿ: ಅಂಗಳದಲ್ಲೇ ಮನೆಮಂದಿಗೆ ಸೊಪ್ಪು

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆ ಎಲ್ಲರಿಗೂ ಗೊತ್ತು. ಹಿತ್ತಲು ಇದ್ದವರಿಗೆ ಈ ಮಾತು ಸರಿ. ಆದರೆ ಈಗ ಎಷ್ಟೋ ರೈತ ಕುಟುಂಬಗಳಿಗೆ ಹಿತ್ತಲೇ ಉಳಿದಿಲ್ಲ. ಅಣ್ಣತಮ್ಮಂದಿರು ಪಾಲಾಗಿ ಮನೆಯ ಜಾಗ ಕಿರಿದಾಗಿದೆ. ಹೊಸ ಬಡಾವಣೆಯ ನಿವೇಶನಗಳಲ್ಲಿ ಮನೆ ಕಟ್ಟಿ ಉಳಿಯುವುದು ನಾಲ್ಕೈದು ಅಡಿ ಅಂಗಳ ಮಾತ್ರ. ಕರಾವಳಿಯ ಅನೇಕ ಕಡೆ ಗುದ್ದಲಿ ಹಾಕಿದರೆ ಮುರಕಲ್ಲು ತಾಗುತ್ತದೆ. ಚಿತ್ರದುರ್ಗ, ಕೋಲಾರದ ಕಡೆ ಬಂಡೆ ತಾಗುತ್ತದೆ. ಇಂಥ ಮನೆಗಳಲ್ಲಿ ಹೊಲದಲ್ಲಿ ಕ್ವಿಂಟಾಲುಗಟ್ಟಲೆ ರಾಗಿ, ಜೋಳ ಬೆಳೆದರೂ ಒಂದು ಕಟ್ಟು ಸೊಪ್ಪಿಗೆ ಸಂತೆಯ ದಿನವನ್ನೇ ಕಾಯಬೇಕಾಗಿದೆ.

ಇದರ ಪರಿಣಾಮ ಊಟದ ತಟ್ಟೆಯಲ್ಲಿ ಕಾಣುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ರಕ್ತಹೀನತೆಗೆ ಕಾರಣಗಳು ಹಲವು. ಅವುಗಳಲ್ಲಿ ಸೊಪ್ಪು ತರಕಾರಿಗಳ ಕೊರತೆಯೂ ಒಂದು. ಇದನ್ನಾದರೂ ಮನೆಯವರೇ ತಮ್ಮ ಕೈಯಿಂದ ಸರಿಪಡಿಸಿಕೊಳ್ಳಬಹುದು.

ಸಿಮೆಂಟ್ ಬ್ಲಾಕುಗಳನ್ನು ಗಾರೆಯಿಲ್ಲದೆ ಜೋಡಿಸಿ, ಒಳಗೆ ಮಣ್ಣು ಗೊಬ್ಬರ ತುಂಬಿ ಮಾಡುವ ಏರುಮಡಿ ಇದಕ್ಕೆ ಒಂದು ಸುಲಭ ಉಪಾಯ. ಮೇಸ್ತ್ರಿಯ ಅವಶ್ಯಕತೆಯಿಲ್ಲ. ಇಬ್ಬರು ಒಂದು ದಿನದಲ್ಲಿ ಮುಗಿಸಬಹುದಾದ ಕೆಲಸವಿದು.

ಯಾರಿಗೆ ಬೇಕು, ಯಾರಿಗೆ ಬೇಡ

ಮನೆಯ ಹಿಂದೆ ಒಂದಡಿ ಆಳದ ಒಳ್ಳೆಯ ಮಣ್ಣು ಇರುವವರು ಈ ಖರ್ಚನ್ನು ಮಾಡಬೇಕಾಗಿಲ್ಲ. ನೆಲವನ್ನು ಅಗೆದು ಗೊಬ್ಬರ ಹಾಕಿ ಪಾತಿ ಮಾಡಿಕೊಂಡರೆ ಸಾಕು. ನೆಲ ಕಲ್ಲಾಗಿರುವವರು, ಅಂಗಳಕ್ಕೆ ಗಾರೆ ಹಾಕಿಸಿದವರು, ಮಳೆಗಾಲದಲ್ಲಿ ನೀರು ನಿಲ್ಲುವ ಎರೆಭೂಮಿಯಲ್ಲಿ ಮನೆ ಇರುವವರು, ಕೋಳಿ ಕುರಿಗಳ ಕಾಟದಿಂದ ನೆಲದ ಪಾತಿ ಉಳಿಯದವರು ಇದನ್ನು ಮಾಡಿಕೊಳ್ಳಬಹುದು. ಮಂಡಿನೋವಿನಿಂದ ಬಗ್ಗಲಾರದ ಹಿರಿಯರಿಗೂ ಇದು ಅನುಕೂಲ. ಮಡಿಯ ಗೋಡೆ 8 ಅಂಗುಲ ಅಗಲವಿರುವುದರಿಂದ ಅದರ ಮೇಲೆಯೇ ಕುಳಿತು ಕಳೆ ತೆಗೆಯಬಹುದು. ಗಾರೆ ಹಾಕದಿರುವುದರಿಂದ ಬಾಡಿಗೆ ಮನೆಯವರು ಮನೆ ಬಿಡುವಾಗ ಬ್ಲಾಕುಗಳನ್ನು ಬಿಚ್ಚಿ ಒಯ್ಯಬಹುದು.

ಬ್ಲಾಕುಗಳ ಆಯ್ಕೆ

ಈ ಕೆಲಸಕ್ಕೆ 16 ಅಂಗುಲ ಉದ್ದ, 8 ಅಂಗುಲ ಅಗಲ, 8 ಅಂಗುಲ ಎತ್ತರದ ಹಾಲೋ ಬ್ಲಾಕ್ ಅತ್ಯುತ್ತಮ. ಇದು ಸುಮಾರು 20 ಕಿಲೋ ತೂಗುತ್ತದೆ. ತನ್ನ ತೂಕದಿಂದಲೇ ಭದ್ರವಾಗಿ ಕೂರುವುದರಿಂದ ಎರಡು ವರಸೆಯವರೆಗೆ ಗಾರೆ ಬೇಕಾಗುವುದಿಲ್ಲ. 4 ಅಂಗುಲದ ಸಾಲಿಡ್ ಬ್ಲಾಕ್ ಅಗ್ಗವೆಂದು ಕಂಡರೂ, ಗಾರೆಯಿಲ್ಲದೆ ಎರಡು ವರಸೆ ಏರಿಸಿದರೆ ಒದ್ದೆ ಮಣ್ಣಿನ ಒತ್ತಡಕ್ಕೆ ಹೊರಕ್ಕೆ ವಾಲುತ್ತದೆ. ಅದನ್ನು ಒಂದೇ ವರಸೆಯ ಮಡಿಗೆ ಮಾತ್ರ ಬಳಸಬೇಕು. ಹಗುರವಾದ ಬಿಳಿ ಬ್ಲಾಕುಗಳು ನೀರು ಹೀರಿ ಬೇಗ ಸವೆಯುವುದರಿಂದ ಈ ಕೆಲಸಕ್ಕೆ ಯೋಗ್ಯವಲ್ಲ.

ಮನೆ ಕಟ್ಟಲು ಬಾರದ, ಅಂಚು ಮುರಿದ ಬ್ಲಾಕುಗಳು ಬ್ಲಾಕ್ ತಯಾರಿಸುವ ಕಡೆ ಸಾಮಾನ್ಯವಾಗಿ ರಾಶಿ ಬಿದ್ದಿರುತ್ತವೆ. ಕೇಳಿದರೆ ಕಡಿಮೆ ಬೆಲೆಗೆ ದೊರೆಯಬಹುದು. ಅಂಚು ಮುರಿದರೆ ಚಿಂತೆಯಿಲ್ಲ. ಆದರೆ ಮೊಳೆಯಿಂದ ಗೀರಿದಾಗ ಪುಡಿಪುಡಿಯಾಗಿ ಉದುರುವ ಬ್ಲಾಕನ್ನು ತರಬಾರದು. ಊರಿನ ಮೂರು ನಾಲ್ಕು ಮನೆಯವರು ಒಟ್ಟಾಗಿ ಒಂದೇ ಟ್ರಾಕ್ಟರಿನಲ್ಲಿ ತರಿಸಿಕೊಂಡರೆ ಸಾಗಾಣಿಕೆಯ ಖರ್ಚು ಹಂಚಿಹೋಗುತ್ತದೆ.

ಹಣ ಉಳಿಸುವ ಭರದಲ್ಲಿ ಒಡೆದ ಕಲ್ನಾರು ಶೀಟುಗಳನ್ನು ನಿಲ್ಲಿಸಿ ಮಡಿ ಮಾಡುವುದು, ಕೀಟನಾಶಕದ ಡಬ್ಬಿ ಡ್ರಮ್ಮುಗಳಲ್ಲಿ ತರಕಾರಿ ಬೆಳೆಯುವುದು ಸರ್ವಥಾ ಕೂಡದು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯ. ಕೀಟನಾಶಕದ ಡಬ್ಬಿ ಎಷ್ಟು ತೊಳೆದರೂ ಪೂರ್ತಿ ಶುದ್ಧವಾಗುವುದಿಲ್ಲ.

ಬೇಕಾಗುವ ಸಾಮಗ್ರಿಗಳು (8 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿಗೆ)

1. 8 ಅಂಗುಲದ ಹಾಲೋ ಬ್ಲಾಕ್: 32
2. ತಳಪಾಯದ ಸಾಲಿಗೆ ಮರಳು ಅಥವಾ ಗರಸು: 4ರಿಂದ 5 ಸಿಮೆಂಟ್ ಚೀಲ
3. ಕೆಂಪು ಮಣ್ಣು: 8 ಸಿಮೆಂಟ್ ಚೀಲ
4. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ: 4 ಸಿಮೆಂಟ್ ಚೀಲ
5. ಮಡಿಗೆ ತುಂಬಲು ಮರಳು: 4 ಸಿಮೆಂಟ್ ಚೀಲ
6. ಬೇವಿನ ಹಿಂಡಿ: 1 ಕಿಲೋ
7. ಹೆಗ್ಗಣದ ಕಾಟವಿದ್ದರೆ ತಳಕ್ಕೆ ಹಾಸಲು ಕೋಳಿಗೂಡಿನ ತಂತಿಬಲೆ

ಜಾಗ ಗೊತ್ತುಪಡಿಸುವುದು

ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಬಚ್ಚಲಿಗೆ ಮತ್ತು ಅಡಿಗೆಮನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಮಡಿಗೆ ದಿನವೂ ನೀರು ಹೊರುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಮಡಿ ದೂರವಾದರೆ ಅವರಿಗೆ ಹೊರೆಯಾಗಿ, ಒಂದೆರಡು ತಿಂಗಳಲ್ಲಿ ಮಡಿ ಒಣಗುತ್ತದೆ. ಆದ್ದರಿಂದ ಜಾಗವನ್ನು ಅವರನ್ನೇ ಕೇಳಿ ಗೊತ್ತುಪಡಿಸುವುದು ಸೂಕ್ತ.

ಮನೆಯ ಗೋಡೆಗೆ ತಾಗಿಸಿ ಮಡಿ ಮಾಡಬಾರದು. ಗೋಡೆ ಶೀತ ಹಿಡಿಯುತ್ತದೆ. ಕನಿಷ್ಠ ಮೂರಡಿ ಬಿಡಬೇಕು. ತೆಂಗಿನ ಮರದ ಬುಡದಲ್ಲಿ ಮಾಡಿದರೆ ಅದರ ಬೇರುಗಳು ಮಡಿಯನ್ನೆಲ್ಲ ಹೊಕ್ಕು ಗೊಬ್ಬರವನ್ನು ತಾವೇ ತಿನ್ನುತ್ತವೆ. ಮಣ್ಣು ತುಂಬಿ ನೀರುಂಡ ಮಡಿಯ ಒಳಗಿನ ಭಾರವೇ ಒಂದು ಟನ್ನಿನ ಹತ್ತಿರ ಬರುತ್ತದೆ. ಆದ್ದರಿಂದ ಇದನ್ನು ಮನೆಯ ತಾರಸಿಯ ಮೇಲೆ ಮಾಡುವಂತಿಲ್ಲ.

ಕಟ್ಟುವ ಕ್ರಮ

ಮೊದಲು ನಾಲ್ಕು ಗೂಟ ನೆಟ್ಟು, 8 ಅಡಿಗೆ 4 ಅಡಿ ಅಳತೆಗೆ ದಾರ ಕಟ್ಟಬೇಕು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದಾಗ ಸಮನಾಗಿ 8 ಅಡಿ 11 ಅಂಗುಲ ಬಂದರೆ ಮೂಲೆಗಳು ಸರಿಯಾಗಿವೆ ಎಂದು ತಿಳಿಯಬೇಕು.

ದಾರದ ಗುಂಟ ಒಂದಡಿ ಅಗಲಕ್ಕೆ ಮೇಲ್ಮಣ್ಣನ್ನು ಮೂರು ಅಂಗುಲ ಕೆರೆದು ತೆಗೆದು, ಎರಡು ಅಂಗುಲ ಮರಳು ಅಥವಾ ಗರಸು ಹಾಸಿ, ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಎರೆಭೂಮಿಯಲ್ಲಿ ಇಷ್ಟು ಸಾಲದು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಗೋಡೆ ಏರುಪೇರಾಗುತ್ತದೆ. ಅಲ್ಲಿ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಅಗೆದು ಗರಸು ತುಂಬಬೇಕು. ಗರಸು ಅದಕ್ಕೆ ತಕ್ಕಂತೆ ಹೆಚ್ಚು ಬೇಕಾಗುತ್ತದೆ. ರಸಮಟ್ಟ ಇಲ್ಲದಿದ್ದರೆ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡಬಹುದು. ಕೆಳಗಿನ ಮಟ್ಟ ಸರಿಯಾದರೆ ಉಳಿದ ಕೆಲಸ ತಾನಾಗಿ ಸರಿಹೋಗುತ್ತದೆ.

ಮೊದಲ ವರಸೆ: ಎರಡು ಉದ್ದನೆಯ ಬದಿಗಳಿಗೆ ತಲಾ 6 ಬ್ಲಾಕ್ ಇಡಬೇಕು. ಅವುಗಳ ನಡುವೆ ಎರಡೂ ತುದಿಗಳಿಗೆ ತಲಾ 2 ಬ್ಲಾಕ್. ಒಟ್ಟು 16.

ಎರಡನೆಯ ವರಸೆ: ಈ ಬಾರಿ ತುದಿಗಳಿಂದ ಆರಂಭಿಸಿ, ಮೂಲೆಯಿಂದ ಮೂಲೆಗೆ ಅಡ್ಡಲಾಗಿ ತಲಾ 3 ಬ್ಲಾಕ್ ಇಡಬೇಕು. ಅವುಗಳ ನಡುವೆ ಉದ್ದನೆಯ ಬದಿಗಳಿಗೆ ತಲಾ 5 ಬ್ಲಾಕ್. ಇದೂ 16.

ಹೀಗೆ ಇಟ್ಟಾಗ ಒಂದು ಬ್ಲಾಕನ್ನೂ ಒಡೆಯಬೇಕಾಗುವುದಿಲ್ಲ. ಕೆಳಗಿನ ಪ್ರತಿಯೊಂದು ಸಂದಿಯ ಮೇಲೆ ಮೇಲಿನ ಬ್ಲಾಕಿನ ನಡುಭಾಗ ಬರುತ್ತದೆ. ಮೂಲೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನಾಲ್ಕು ಮೂಲೆಯ ರಂಧ್ರಗಳಿಗೆ ಜಲ್ಲಿ ಮಣ್ಣು ತುಂಬಿ ಗಿಡಿದರೆ ಇನ್ನೂ ಭದ್ರ. ಮಡಿಯ ಒಳ ಅಳತೆ 6 ಅಡಿ 8 ಅಂಗುಲ ಉದ್ದ, 2 ಅಡಿ 8 ಅಂಗುಲ ಅಗಲ. ಎತ್ತರ 16 ಅಂಗುಲ. ಹೊರಗಿನ ಅಗಲ ನಾಲ್ಕೇ ಅಡಿಯಾದ್ದರಿಂದ ಎರಡೂ ಬದಿಯಿಂದ ನಡುವಿನವರೆಗೆ ಕೈ ಎಟುಕುತ್ತದೆ. ಒಳಗೆ ಕಾಲಿಟ್ಟು ಮಣ್ಣು ತುಳಿಯುವ ಪ್ರಸಂಗ ಬರುವುದಿಲ್ಲ. ಎರಡು ವರಸೆಗಿಂತ ಎತ್ತರ ಬೇಕೆನ್ನುವವರು ಮಾತ್ರ ಗಾರೆ ಹಾಕಿ, ಮೇಸ್ತ್ರಿಯಿಂದ ಕಟ್ಟಿಸಬೇಕು.

ಕೆಳಗಿನ ನೆಲವನ್ನು ಸಡಿಲಿಸಲು ಬರುವಂತಿದ್ದರೆ ಒಂದೇ ವರಸೆ ಸಾಕು. ಮಡಿಯೊಳಗಿನ ನೆಲವನ್ನು ಗುದ್ದಲಿಯಿಂದ ಅರ್ಧ ಅಡಿ ಸಡಿಲ ಮಾಡಿ ಮೇಲೆ ಮಣ್ಣು ತುಂಬಬೇಕು. ಆಗ 16 ಬ್ಲಾಕಿನಲ್ಲಿ ಕೆಲಸ ಮುಗಿದು, ಖರ್ಚು ಅರ್ಧಕ್ಕೆ ಇಳಿಯುತ್ತದೆ.

ತಳಕ್ಕೆ ಕಾಂಕ್ರೀಟ್ ಹಾಕಬಾರದು

ಗೋಡೆಗೆ ಹಣ ಹಾಕಿದ ಮೇಲೆ ತಳವೂ ಗಟ್ಟಿಯಾಗಿರಲಿ ಎಂದು ಕೆಲವರು ಕಾಂಕ್ರೀಟ್ ಹಾಕಿಸುತ್ತಾರೆ. ಇದರಿಂದ ಹಣವೂ ವ್ಯರ್ಥ, ಬೆಳೆಯೂ ಹಾಳು. ನೀರು ಬಸಿಯದೆ ತಳದಲ್ಲಿ ನಿಂತು ಬೇರು ಕೊಳೆಯುತ್ತದೆ, ಲವಣ ಸೇರಿಕೊಳ್ಳುತ್ತದೆ. ತಳ ಯಾವಾಗಲೂ ತೆರೆದಿರಬೇಕು. ಬಂಡೆಯ ಮೇಲೆ ಅಥವಾ ಗಾರೆಯ ಅಂಗಳದ ಮೇಲೆ ಮಾಡುವುದಾದರೆ, ಒಡೆದ ಹೆಂಚು ಅಥವಾ ಜಲ್ಲಿಯನ್ನು ಎರಡು ಅಂಗುಲ ಹಾಸಿ, ಇಳಿಜಾರಿನ ಕಡೆಯ ಬ್ಲಾಕುಗಳ ನಡುವೆ ನಾಲ್ಕು ಕಡೆ ಬೆರಳು ತೂರುವಷ್ಟು ಸಂದಿ ಬಿಡಬೇಕು. ಮಣ್ಣು ಹೊರಗೆ ಹರಿಯದಂತೆ ಆ ಸಂದಿಗಳ ಒಳಗಡೆ ತೆಂಗಿನ ನಾರನ್ನು ಒತ್ತಬೇಕು.

ಹೊಸ ಬ್ಲಾಕಿನ ಸುಣ್ಣದ ಅಂಶ

ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಹೊರಬರುತ್ತದೆ. ಬ್ಲಾಕಿನ ಮೇಲೆ ಬಿಳಿ ಪುಡಿಯಂತೆ ಕಾಣುವುದು ಇದೇ. ಇದು ಮಣ್ಣಿಗೆ ಸೇರಿದರೆ ಗೋಡೆಯ ಪಕ್ಕದ ಗಿಡಗಳಿಗೆ ಕಬ್ಬಿಣದ ಅಂಶ ಸರಿಯಾಗಿ ಸಿಗದೆ, ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದ ಭಾಗ ಹಳದಿಯಾಗುತ್ತದೆ. ಆದ್ದರಿಂದ ಮಣ್ಣು ತುಂಬುವ ಮೊದಲು ಎರಡು ಮೂರು ವಾರ ಬ್ಲಾಕುಗಳನ್ನು ದಿನವೂ ನೀರಿನಿಂದ ತೊಯ್ಯಿಸಬೇಕು. ಒಂದು ಮಳೆಗಾಲ ಬಯಲಲ್ಲಿ ಬಿದ್ದಿದ್ದ ಹಳೆಯ ಬ್ಲಾಕುಗಳಾದರೆ ಇದರ ಅವಶ್ಯಕತೆಯಿಲ್ಲ. ಮೊದಲ ಬೆಳೆಯನ್ನು ಗೋಡೆಯಿಂದ ನಾಲ್ಕು ಅಂಗುಲ ಒಳಗೆ ಬಿತ್ತಬೇಕು. ಗೊಬ್ಬರ ಧಾರಾಳವಾಗಿದ್ದರೆ ಈ ದೋಷ ಬಹುಮಟ್ಟಿಗೆ ತಗ್ಗುತ್ತದೆ. ಈ ಮಡಿಗೆ ಸುಣ್ಣವನ್ನಾಗಲಿ ಒಲೆಯ ಬೂದಿಯನ್ನಾಗಲಿ ಹೆಚ್ಚಾಗಿ ಹಾಕಬಾರದು.

ಮಣ್ಣು ತುಂಬುವುದು

ಮಡಿಗೆ ಸುಮಾರು 20 ಘನ ಅಡಿ ಮಿಶ್ರಣ ಬೇಕು. ಒಂದು ಸಿಮೆಂಟ್ ಚೀಲದಲ್ಲಿ ಒಂದೂಕಾಲು ಘನ ಅಡಿ ಹಿಡಿಯುವುದರಿಂದ 16 ಚೀಲವಾಗುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಮರಳು ಎಂಬುದು ಲೆಕ್ಕ. ಎರೆಮಣ್ಣನ್ನೇ ಬಳಸಬೇಕಾದಲ್ಲಿ ಮಣ್ಣನ್ನು ಆರು ಚೀಲಕ್ಕೆ ಇಳಿಸಿ, ಗೊಬ್ಬರ ಮತ್ತು ಮರಳನ್ನು ತಲಾ ಐದು ಚೀಲಕ್ಕೆ ಏರಿಸಬೇಕು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು, ಗೆದ್ದಲು ಬರುತ್ತವೆ. ಎಲ್ಲವನ್ನೂ ಹೊರಗೆ ನೆಲದ ಮೇಲೆ ಚೆನ್ನಾಗಿ ಬೆರೆಸಿ ಬೇವಿನ ಹಿಂಡಿ ಸೇರಿಸಿ ತುಂಬಬೇಕು. ಒಂದೆರಡು ಸಲ ನೀರು ಹಾಕಿದ ಮೇಲೆ ಮಣ್ಣು ಕುಸಿಯುತ್ತದೆ. ಆಗ ಇನ್ನಷ್ಟು ಮಿಶ್ರಣ ಸೇರಿಸಿ, ಗೋಡೆಯ ಅಂಚಿನಿಂದ ಎರಡು ಅಂಗುಲ ಕೆಳಗೆ ಮಟ್ಟ ಮಾಡಬೇಕು. ಪ್ರತಿ ಬೆಳೆಯ ನಂತರ ಒಂದು ಚೀಲ ಗೊಬ್ಬರ ಅಥವಾ ಎರೆಗೊಬ್ಬರ ಸೇರಿಸುತ್ತಿರಬೇಕು.

ಏನು ಬೆಳೆಯಬಹುದು?

ಮೊದಲ ಸ್ಥಾನ ದಂಟಿನ ಸೊಪ್ಪಿಗೆ. ಕರಾವಳಿಯಲ್ಲಿ ಇದನ್ನೇ ಹರಿವೆ ಎನ್ನುತ್ತಾರೆ; ಉತ್ತರ ಕರ್ನಾಟಕದ ರಾಜಗಿರಿಯೂ ಇದೇ ಜಾತಿಗೆ ಸೇರಿದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಮತ್ತು ಕೆಂಪು ಎಲೆಯ ಅರ್ಕಾ ಅರುಣಿಮಾ ತಳಿಗಳನ್ನು ಹಲವು ಬಾರಿ ಕೊಯ್ಯಬಹುದು. ಪಾಲಕ್ ಸೊಪ್ಪಿನಲ್ಲಿ ಅದೇ ಸಂಸ್ಥೆಯ ಅರ್ಕಾ ಅನುಪಮ ತಳಿ ಇದೆ. ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ, ಮೂಲಂಗಿಗಳೂ ಚೆನ್ನಾಗಿ ಬರುತ್ತವೆ. ಬದನೆ, ಟೊಮೇಟೊ, ಮೆಣಸಿನ ಗಿಡಗಳನ್ನು ಎರಡು ವರಸೆಯ ಮಡಿಯಲ್ಲಿ ಮಾತ್ರ ಹಾಕಬೇಕು. ಒಂದು ಮಡಿಗೆ ಐದಾರು ಗಿಡ ಸಾಕು.

ಗೋಡೆಯ ಬ್ಲಾಕುಗಳ ರಂಧ್ರಗಳನ್ನೂ ಖಾಲಿ ಬಿಡಬಾರದು. ಅವುಗಳಿಗೆ ಮಣ್ಣು ತುಂಬಿ ಪುದೀನ, ಈರುಳ್ಳಿ, ಚೆಂಡುಹೂವು ಹಾಕಬಹುದು. ಕೆಲವು ಬ್ಲಾಕುಗಳಲ್ಲಿ ರಂಧ್ರದ ಒಂದು ತುದಿ ಮುಚ್ಚಿರುತ್ತದೆ. ಅಂಥ ಬ್ಲಾಕಿನ ಮುಚ್ಚಿದ ಭಾಗವನ್ನು ಜೋಡಿಸುವ ಮೊದಲೇ ಉಳಿಯಿಂದ ತೂತು ಮಾಡಿಕೊಳ್ಳದಿದ್ದರೆ ನೀರು ನಿಂತು ಸೊಳ್ಳೆಗೆ ನೆಲೆಯಾಗುತ್ತದೆ.

ಇಡೀ ಮಡಿಗೆ ಒಂದೇ ದಿನ ಬಿತ್ತುವುದು ಸರಿಯಲ್ಲ. ಒಂದು ವಾರ ರಾಶಿ ಸೊಪ್ಪು, ಮುಂದಿನ ಮೂರು ವಾರ ಬರಿಗೈ ಆಗುತ್ತದೆ. ಮಡಿಯನ್ನು ಅಡ್ಡಲಾಗಿ ನಾಲ್ಕು ಪಟ್ಟಿ ಮಾಡಿ, ವಾರಕ್ಕೊಂದು ಪಟ್ಟಿಯಂತೆ ಬಿತ್ತಬೇಕು. ದಂಟಿನ ಬೀಜ ಬಹಳ ಸಣ್ಣದು. ಒಂದು ಚಮಚ ಬೀಜಕ್ಕೆ ಎರಡು ಹಿಡಿ ಮರಳು ಬೆರೆಸಿ ಉದುರಿಸಿ, ತೆಳುವಾಗಿ ಗೊಬ್ಬರದ ಪುಡಿ ಮುಚ್ಚಬೇಕು. ಮೊಳೆಯುವವರೆಗೆ ಒದ್ದೆ ಗೋಣಿಚೀಲ ಹೊದಿಸಿದರೆ ಇರುವೆಯ ಕಾಟವೂ ಕಡಿಮೆ, ಹದವೂ ಉಳಿಯುತ್ತದೆ. ಮೊಳಕೆ ಕಂಡ ದಿನವೇ ಚೀಲ ತೆಗೆಯಬೇಕು. 25ರಿಂದ 30 ದಿನಕ್ಕೆ ಮೊದಲ ಕೊಯ್ಲು. ಬುಡದಿಂದ ಎರಡು ಅಂಗುಲ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ.

ನೀರು: ದಿನಕ್ಕೆ ಒಂದು ಕೊಡ

ಕಡು ಬೇಸಿಗೆಯಲ್ಲಿ ಈ ಮಡಿಗೆ ದಿನಕ್ಕೆ 12ರಿಂದ 15 ಲೀಟರ್, ಎಂದರೆ ಒಂದು ಕೊಡ ನೀರು ಬೇಕು. ಒಂದೇ ಸಲ ಸುರಿಯದೆ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಹಾಕಬೇಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಹಾಗೆಯೇ ಬಳಸಬಹುದು. ಸೋಪಿನ ಪುಡಿ, ಬ್ಲೀಚಿಂಗ್ ಪುಡಿ ಬಳಸಿದ ಬಟ್ಟೆಯ ನೀರು ಬೇಡ. ಅದರಲ್ಲಿನ ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ. ಸ್ನಾನದ ನೀರನ್ನು ಬಾಳೆ, ನುಗ್ಗೆಯ ಬುಡಕ್ಕೆ ಹರಿಸುವುದು ಲೇಸು. ಕೊತ್ತಂಬರಿ, ಪುದೀನ, ಮೂಲಂಗಿಯಂಥ ಹಸಿಯಾಗಿ ತಿನ್ನುವ ಬೆಳೆಗಳಿಗೆ ಅದನ್ನು ಹಾಕಲೇಬಾರದು.

ಸಿಮೆಂಟ್ ಗೋಡೆ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ. ಪಶ್ಚಿಮದ ಗೋಡೆಯ ಹೊರಮೈಗೆ ಸುಣ್ಣ ಬಳಿಯುವುದು, ಮಣ್ಣಿನ ಮೇಲೆ ಒಣಹುಲ್ಲು ಅಥವಾ ತರಗೆಲೆ ಹೊದಿಸುವುದು, ಮಾರ್ಚಿಯಿಂದ ಮೇವರೆಗೆ ತೆಂಗಿನ ಗರಿಯ ನೆರಳು ಮಾಡುವುದು ಉಪಯುಕ್ತ. ಕರಾವಳಿ, ಮಲೆನಾಡಿನಲ್ಲಿ ಮಳೆಯ ಹೊಡೆತಕ್ಕೆ ಸಣ್ಣ ಸಸಿಗಳು ನೆಲಕಚ್ಚುವುದರಿಂದ ಮಳೆಗಾಲದಲ್ಲಿ ಕಮಾನು ಕಟ್ಟಿ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು.

ಹೇನು ಅಥವಾ ಎಲೆ ತಿನ್ನುವ ಹುಳು ಕಂಡರೆ, 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಸಂಜೆ ಸಿಂಪಡಿಸಬೇಕು. ಹೊಲಕ್ಕೆ ತಂದು ಉಳಿದ ಕೀಟನಾಶಕವನ್ನು ಮನೆಯ ಸೊಪ್ಪಿಗೆ ಎಂದೂ ಸಿಂಪಡಿಸಬಾರದು. ಇಂದು ಹೊಡೆದ ಔಷಧಿ ನಾಳೆ ಮಕ್ಕಳ ತಟ್ಟೆಗೆ ಬರುತ್ತದೆ.

ಒಂದು ಮಡಿ, ಒಬ್ಬರ ಸೊಪ್ಪು

ಈ ಮಡಿಯಿಂದ ಎಷ್ಟು ದೊರೆತೀತು ಎಂಬುದನ್ನು ಮೊದಲೇ ಲೆಕ್ಕ ಹಾಕುವುದು ಒಳ್ಳೆಯದು. ಒಳಗಿನ ಜಾಗ ಸುಮಾರು 18 ಚದರ ಅಡಿ. ಹಲವು ಬಾರಿ ಕೊಯ್ಯುವ ದಂಟಿನ ಸೊಪ್ಪನ್ನು ಹದವಾಗಿ ಬೆಳೆದರೆ ಮೂರು ತಿಂಗಳಲ್ಲಿ ಇಷ್ಟು ಜಾಗದಿಂದ ನಾಲ್ಕರಿಂದ ಐದು ಕಿಲೋ ನಿರೀಕ್ಷಿಸಬಹುದು. ಎಂದರೆ ವಾರಕ್ಕೆ 350 ಗ್ರಾಂ ಆಸುಪಾಸು. ಒಬ್ಬರಿಗೆ ದಿನಕ್ಕೆ ಕನಿಷ್ಠ 50 ಗ್ರಾಂ ಸೊಪ್ಪು ಬೇಕೆಂದು ಹಿಡಿದರೆ, ಒಂದು ಮಡಿ ಒಬ್ಬರಿಗೆ ಸಾಕಾಗುತ್ತದೆ. ಐದು ಜನರಿರುವ ಮನೆಗೆ ಐದು ಮಡಿ ಬೇಕು. ಒಂದೇ ಮಡಿ ಮಾಡಿ ಇಡೀ ಮನೆಯ ತರಕಾರಿ ಬರಲೆಂದು ಆಶಿಸಿದವರು ನಿರಾಶರಾಗುತ್ತಾರೆ.

ಆದ್ದರಿಂದ ಮೊದಲ ವರ್ಷ ಒಂದೇ ಮಡಿ ಮಾಡಿ ನೋಡಬೇಕು. ಆ ಮಡಿಯ ಸೊಪ್ಪು ಮನೆಯಲ್ಲಿ ಯಾರಿಗೆ ಹೆಚ್ಚು ಅವಶ್ಯಕವೋ ಅವರಿಗೆ ಮೊದಲು ಸಲ್ಲಬೇಕು. ಬಸುರಿ, ಬಾಣಂತಿ, ಬೆಳೆಯುವ ಹುಡುಗಿ, ಎಳೆಯ ಮಗು ಇವರೇ ಮೊದಲಿಗರು. ಅನೇಕ ಮನೆಗಳಲ್ಲಿ ಹೆಂಗಸರು ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಉಣ್ಣುವ ರೂಢಿ ಇದೆ. ಹಾಗಾದಾಗ ಸೊಪ್ಪಿನ ಪಲ್ಯ ಅವರ ತಟ್ಟೆಗೆ ಬರುವುದೇ ಇಲ್ಲ. ಮಡಿಯ ಜೊತೆಗೆ ಈ ರೂಢಿಯನ್ನೂ ಮನೆಯ ಹಿರಿಯರು ಬದಲಾಯಿಸಬೇಕು.

ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿ ಉಂಡರೆ ಅದರಲ್ಲಿನ ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ರಕ್ತಹೀನತೆ ಇರುವವರು ಸೊಪ್ಪು ತಿನ್ನುತ್ತಿದ್ದೇವೆಂದು ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ನಿಲ್ಲಿಸಬಾರದು.

ಖರ್ಚಿನ ವಿಷಯ

ಬ್ಲಾಕಿನ ಬೆಲೆ ಊರಿಂದ ಊರಿಗೆ ಬೇರೆಯಾಗಿರುತ್ತದೆ. ನಿಮ್ಮ ಊರಿನ ಬೆಲೆಯನ್ನು 32ರಿಂದ ಗುಣಿಸಿ ಸಾಗಾಣಿಕೆ ಸೇರಿಸಿದರೆ ಖರ್ಚಿನ ಮುಖ್ಯ ಭಾಗ ಸಿಕ್ಕಂತೆ. ಮಣ್ಣು ಗೊಬ್ಬರ ರೈತರ ಮನೆಯಲ್ಲೇ ಇರುತ್ತದೆ. ವಾರಕ್ಕೆ 350 ಗ್ರಾಂ ಸೊಪ್ಪಿನ ಪೇಟೆಯ ಬೆಲೆಯನ್ನೇ ಹಿಡಿದರೆ ಹಾಕಿದ ಹಣ ಹಿಂತಿರುಗಲು ವರ್ಷಗಳೇ ಬೇಕು. ಆದ್ದರಿಂದಲೇ ಗಾರೆ, ಗಿಲಾವು, ಬಣ್ಣ, ಕಾಂಕ್ರೀಟ್ ತಳ ಇವುಗಳಿಗೆ ಹಣ ಸುರಿಯಬಾರದು. ಅಂಚು ಮುರಿದ ಬ್ಲಾಕು, ಒಂದೇ ವರಸೆ, ಮನೆಯವರದೇ ದುಡಿಮೆ ಇವುಗಳಿಂದ ಖರ್ಚನ್ನು ಇಳಿಸಬಹುದು. ಒಮ್ಮೆ ಜೋಡಿಸಿದ ಬ್ಲಾಕುಗಳು ಬಹಳ ವರ್ಷ ಬಾಳುತ್ತವೆ. ಮುಂದೆ ಬೇಡವಾದರೆ ಕೊಟ್ಟಿಗೆ ಕಟ್ಟಲು ಅವನ್ನೇ ಬಳಸಬಹುದು.

ಮಡಿಯ ಹೊರಗೆ ಒಂದು ನುಗ್ಗೆ, ಒಂದು ಕರಿಬೇವು, ಬೇಲಿಗೆ ಚಕ್ರಮುನಿ, ಮೂಲೆಯ ಚಪ್ಪರಕ್ಕೆ ಬಸಳೆ ಹಾಕಲು ಜಾಗವಿದ್ದರೆ ತಪ್ಪದೆ ಹಾಕಬೇಕು. ಇವಕ್ಕೆ ಬ್ಲಾಕಿನ ಖರ್ಚಿಲ್ಲ. ಆಗ ಐದು ಮಡಿ ಬೇಕಾದ ಮನೆಗೆ ಎರಡು ಮೂರು ಮಡಿಗಳಲ್ಲೇ ಸುಧಾರಿಸುತ್ತದೆ.

ಸುಗ್ಗಿ ಮುಗಿದು ಕೈಗೆ ಬಿಡುವು ದೊರೆಯುವ ಫೆಬ್ರವರಿ, ಮಾರ್ಚ್ ತಿಂಗಳು ಬ್ಲಾಕು ತಂದು ಜೋಡಿಸಲು ಯೋಗ್ಯ ಕಾಲ. ಯುಗಾದಿಯ ಹೊತ್ತಿಗೆ ಬ್ಲಾಕಿನ ಸುಣ್ಣ ತೊಳೆದು ಹೋಗಿ ಮಣ್ಣು ತುಂಬಲು ಸಿದ್ಧವಾಗುತ್ತದೆ. ಬೀಜ ಮತ್ತು ಹೆಚ್ಚಿನ ವಿವರಗಳಿಗಾಗಿ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.